ನೂರು ಆನೆಗಳ ಚಿತ್ರಕ್ಕೆ ಕಥೆ ಹೇಳಿದವರು

ಆ ಚಿತ್ರವನ್ನು ನಾನು ಶಿವಮೊಗ್ಗದಲ್ಲಿ ನೋಡಿದೆ, ಭದ್ರಾವತಿಯಲ್ಲಿ ಮತ್ತೆ ಮತ್ತೆ ನೋಡಿದೆ. ನನ್ನ ಇಷ್ಟದಿಂದ ನೋಡಿದ್ದು ಕೊನೆಯ ಸಲ ಮಾತ್ರ. ಉಳಿದದ್ದೆಲ್ಲ ಕೆಲಸ.

ಯುದ್ಧದ ದಿನಗಳು. ನಮ್ಮದು ಶಿವಮೊಗ್ಗದ ಒಂದು ವಾರಪತ್ರಿಕೆ. ಕಾಗದಕ್ಕೆ ಬರ ಬಂದು ಪುಟಗಳು ಕಮ್ಮಿಯಾಗಿದ್ದವು. ಹಾಗಿದ್ದರೂ ಸಿನಿಮಾಕ್ಕೆ ಒಂದು ಅಂಕಣ ಉಳಿದಿತ್ತು. ಅದನ್ನು ತುಂಬುವ ಪದ್ಧತಿ ಬಹಳ ಸುಲಭದ್ದು. ಟೂರಿಂಗ್ ಟಾಕೀಸಿನವರು ಜಟಕಾದ ಮೇಲೆ ಬ್ಯಾಂಡು ಬಾರಿಸಿಕೊಂಡು ಹಂಚುವ ಹ್ಯಾಂಡ್‌ಬಿಲ್ಲನ್ನೇ ನಾವು ಅಚ್ಚಿನ ಮೊಳೆ ಜೋಡಿಸುವವರ ಕೈಗೆ ಕೊಡುತ್ತಿದ್ದೆವು. ಅವರು ಆಶ್ಚರ್ಯಸೂಚಕ ಚಿಹ್ನೆಗಳನ್ನು ತೆಗೆದು ಜೋಡಿಸುತ್ತಿದ್ದರು. ಅದೇ ವಿಮರ್ಶೆ.

ಈ ಚಿತ್ರದ ಹ್ಯಾಂಡ್‌ಬಿಲ್ಲಿನಲ್ಲಿ ಆಶ್ಚರ್ಯಸೂಚಕಗಳನ್ನು ತೆಗೆದರೆ ಏನೂ ಉಳಿಯುತ್ತಿರಲಿಲ್ಲ. ನೂರು ಆನೆ, ನಿಜವಾದ ಪ್ರವಾಹ, ಉರಿಯುವ ನಗರ, ಹಾರುವ ರಥ. ರಾಜ ಯಾರು, ನಗರ ಯಾಕೆ ಉರಿಯಿತು ಎಂಬುದರ ಬಗ್ಗೆ ಒಂದಕ್ಷರವಿಲ್ಲ. ನಾನು ಅದನ್ನು ಸಂಪಾದಕರ ಮೇಜಿನ ಮೇಲಿಟ್ಟು, ಈ ಸಲ ನೋಡಿಯೇ ಬರೆಯುತ್ತೇನೆ ಎಂದೆ. ಅವರು ವಕೀಲರು. ಪತ್ರಿಕೆ ಅವರಿಗೆ ಸಂಜೆಯ ಕೆಲಸ.

‘ನೋಡೋದೇನಿದೆ ಮಾರಾಯ್ರೆ? ಆನೆ ಆನೇನೇ ಅಲ್ವ?’ ಎಂದರು.

‘ನೂರಿವೆಯಾ ಅಂತ ನೋಡ್ಬೇಕಲ್ಲ ಸಾರ್.’

‘ಹೋಗಿ ಎಣಿಸ್ಕೊಂಡು ಬನ್ನಿ. ವಿಶೇಷಣ ಹಾಕ್ಬೇಡಿ. ವಿಶೇಷಣ ಹಾಕಿದ್ರೆ ಹೊಡೆದು ಹಾಕ್ತೀನಿ.’

ಕೋಟೆಯ ಪಕ್ಕದ ಬಯಲಿನಲ್ಲಿ ಟೆಂಟು ಹಾಕಿದ್ದರು. ಮುಂದೆ ಮರಳು ಹಾಸಿದ ನೆಲ, ಹಿಂದೆ ಬೆಂಚು, ಅದರ ಹಿಂದೆ ನಾಲ್ಕಾರು ಕುರ್ಚಿ. ಹೆಂಗಸರ ಕಡೆಗೆ ಒಂದು ಬಟ್ಟೆಯ ಮರೆ. ಇದ್ದದ್ದು ಒಂದೇ ಯಂತ್ರ. ಹಾಗಾಗಿ ಒಂದು ರೀಲು ಮುಗಿದ ಕೂಡಲೇ ದೀಪ ಹತ್ತುತ್ತಿತ್ತು. ಆಪರೇಟರು ಮುಂದಿನ ರೀಲು ಏರಿಸುವತನಕ ಜನ ಬೀಡಿ ಹಚ್ಚಿ, ಕಡಲೆಕಾಯಿ ಸುಲಿದು, ಅಕ್ಕಪಕ್ಕದವರ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಈ ಬಿಡುವು ಬಹಳ ವರ್ಷಗಳಿಂದ ಒಬ್ಬರ ಅನ್ನವಾಗಿತ್ತು. ಅವರನ್ನು ಎಲ್ಲರೂ ಕಥೆ ಮಾಸ್ತರು ಎನ್ನುತ್ತಿದ್ದರು. ಹಿಂದೆ ನಾಟಕದ ಕಂಪನಿಯಲ್ಲಿ ರಾಜಪಾರ್ಟು ಮಾಡುತ್ತಿದ್ದವರು. ಆ ಗತ್ತು ಇನ್ನೂ ಇಳಿದಿರಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ಸ್ಟೂಲಿನ ಮೇಲೆ ನಿಂತು ಕಥೆ ಹೇಳುತ್ತಿದ್ದರು. ಟಾಕಿ ಬಂದ ಮೇಲೂ ಕೆಲಸ ಹೋಗಲಿಲ್ಲ, ಯಾಕೆಂದರೆ ಬರುತ್ತಿದ್ದ ಚಿತ್ರಗಳು ತಮಿಳಿನವು, ಹಿಂದಿಯವು. ರೀಲಿಗೂ ರೀಲಿಗೂ ನಡುವೆ ತಗಡಿನ ತುತ್ತೂರಿ ಬಾಯಿಗಿಟ್ಟುಕೊಂಡು, ಮುಂದೇನಾಗುತ್ತದೆ ಎಂದು ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಹೇಳಿದ್ದಕ್ಕೂ ಪರದೆಯ ಮೇಲಿನದ್ದಕ್ಕೂ ಪ್ರತಿಸಲವೂ ಹೊಂದಾಣಿಕೆ ಇರುತ್ತಿರಲಿಲ್ಲ. ನನಗೆ ಅವರ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ. ಸುಳ್ಳನ್ನು ಗಟ್ಟಿಯಾಗಿ ಹೇಳುವುದೇ ಅವರ ವಿದ್ಯೆ ಎಂದುಕೊಂಡಿದ್ದೆ.

ಅಂದು ಅವರು ಬಾಗಿಲಲ್ಲಿ ನಿಂತು ಟಿಕೆಟು ಹರಿಯುತ್ತಿದ್ದರು.

‘ಏನು ಮಾಸ್ತರೇ, ಸಿಂಹಾಸನ ಬಿಟ್ಟು ಬಂದಿದ್ದೀರಿ?’ ಎಂದೆ.

‘ಆನೆ ಬಂದ ಮೇಲೆ ರಾಜನಿಗೇನು ಕೆಲಸ ಪೇಪರ್ನೋರೇ? ಒಳಗೆ ಹೋಗಿ, ಅಲ್ಲೊಬ್ಬ ಚಕ್ರವರ್ತಿ ಇದ್ದಾನೆ, ಅವನನ್ನ ಕೇಳಿ.’

ಚಕ್ರವರ್ತಿ ಎಂದರೆ ಹೊಸ ಮ್ಯಾನೇಜರು. ಕೋಟು ಹಾಕಿ, ಕೂದಲಿಗೆ ಎಣ್ಣೆ ಮೆತ್ತಿ, ಬೆಂಗಳೂರಿನಿಂದ ಬಂದಿದ್ದ. ಕೇಳದಿದ್ದರೂ ಹೇಳಿದ: ‘ಇದಕ್ಕೆ ಕಥೆ ಗಿಥೆ ಬೇಡ ಸ್ವಾಮಿ. ಕಣ್ಣಿದ್ರೆ ಸಾಕು. ಇಲ್ಲಿ ತುಂಬಿದೆ. ಭದ್ರಾವತಿ ಕ್ಯಾಂಪೂ ಹೀಗೇ ತುಂಬಿತು ಅಂತಿಟ್ಕೊಳ್ಳಿ, ಆ ಮಾಸ್ತರನ್ನ ಅಲ್ಲೇ ಬಿಟ್ಟುಬಿಡ್ತೀನಿ. ಟಾಕಿ ಕಾಲದಲ್ಲಿ ತುತ್ತೂರಿ ಯಾಕೆ?’

ಮಾಸ್ತರಿಗೆ ಟಾಕೀಸು ಬಿಟ್ಟರೆ ಮನೆಯೂ ಇರಲಿಲ್ಲ, ಊರೂ ಇರಲಿಲ್ಲ. ಪರದೆಯ ಹಿಂದೆಯೇ ಅವರ ಹಾಸಿಗೆ.

ಚಿತ್ರ ಶುರುವಾಯಿತು. ತಮಿಳಿನದು. ಮೊದಲ ರೀಲಿನಲ್ಲಿ ರಾಜನಿಗೆ ಪಟ್ಟಾಭಿಷೇಕ. ಎರಡನೆಯದರಲ್ಲಿ ನಗರ ಉರಿಯಿತು. ಮೂರನೆಯದರಲ್ಲಿ ಪ್ರವಾಹ ಬಂದು ರಾಜ ಮುಳುಗಿ ಸತ್ತ. ಹೆಣ ದಡಕ್ಕೆ ಬಂತು, ರಾಣಿ ಅದರ ಮೇಲೆ ಬಿದ್ದು ಅತ್ತಳು. ನಾಲ್ಕನೆಯದರಲ್ಲಿ ರಾಜ ಕಾಲು ತೊಳೆದು ಊಟಕ್ಕೆ ಕೂತ. ಅದೇ ರಾಜ, ಅದೇ ಮೀಸೆ. ಆಮೇಲೆ ಉರಿದುಹೋದ ನಗರದಲ್ಲಿ ತೋಟ, ಜೋಕಾಲಿ, ಹಾಡು. ಮತ್ತೆ ಆನೆಗಳ ದಂಡು. ಒಂದು ಬಂಡೆಯ ಹಿಂದಿನಿಂದ ಬಂದು ಇನ್ನೊಂದು ಬದಿಗೆ ಹೋದವು. ಅವುಗಳಲ್ಲೊಂದಕ್ಕೆ ಎಡಗಿವಿ ಹರಿದಿತ್ತು. ಹರಿದ ಕಿವಿಯ ಆನೆ ಮತ್ತೆ ಮತ್ತೆ ಬಂತು. ನನ್ನ ಎಣಿಕೆಗೆ ಸಿಕ್ಕಿದ್ದು ಆರು ಆನೆ. ನೂರು ಎಂಬುದು ಅವು ಬಂಡೆಗೆ ಹಾಕಿದ ಸುತ್ತುಗಳನ್ನು ಸೇರಿಸಿ ಇರಬೇಕು. ನಾಟಾ ಡಿಪೋದಲ್ಲಿ ಆನೆ ದಿಮ್ಮಿ ಎಳೆಯುವುದನ್ನು ಪುಕ್ಕಟೆ ನೋಡುವ ನಮ್ಮೂರಿನವರು, ಇಲ್ಲಿ ಟಿಕೆಟು ಕೊಟ್ಟು ಸಿಳ್ಳೆ ಹಾಕಿದರು.

ದೀಪ ಹತ್ತಿದಾಗ ನನ್ನ ಮುಂದೆ ಕೂತಿದ್ದ ಇಬ್ಬರು ಮಾತಾಡಿಕೊಂಡರು.

‘ಊರು ಸುಟ್ಟು ಹೋಗಿತ್ತಲ್ಲೋ?’

‘ಮತ್ತೆ ಕಟ್ಟಿರ್ತಾರೆ ಮಾರಾಯ. ರಾಜರಿಗೇನು, ನಿನ್ನ ಹಾಗೆ ಹಂಚಿಗೆ ಪರದಾಡ್ಬೇಕಾ?’

‘ರಾಜ ಸತ್ತಿದ್ದ?’

‘ದೇವ್ರು ಎಬ್ಬಿಸಿರ್ತಾನೆ. ಸುಮ್ನಿರು, ಈಗ ರಥ ಹಾರ್ತದೆ.’

ರಥ ಹಾರಿತು. ಅದನ್ನು ಹಿಡಿದಿದ್ದ ತಂತಿಯೂ ಕಂಡಿತು.

ಆಟ ಮುಗಿದ ಮೇಲೆ ನಾನು ಯಂತ್ರದ ಕೋಣೆಗೆ ಹೋದೆ. ರೀಲಿನ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಎಲ್ಲಕ್ಕೂ ಅರಿಶಿನ ಕುಂಕುಮ, ಒಂದೊಂದು ಸೇವಂತಿಗೆ. ಕ್ಯಾಂಪಿನ ಮೊದಲ ದಿನ ಯಂತ್ರಕ್ಕೂ ಡಬ್ಬಿಗಳಿಗೂ ಪೂಜೆ ಮಾಡುವುದು ಟಾಕೀಸುಗಳ ಪದ್ಧತಿ. ಹಳಬರು ಒಣಬಟ್ಟೆಯಲ್ಲಿ ಒರೆಸಿ ಕುಂಕುಮ ಇಡುತ್ತಿದ್ದರು. ಹೊಸ ಮ್ಯಾನೇಜರಿಗೆ ಮಡಿ ಹೆಚ್ಚು. ಡಬ್ಬಿಗಳನ್ನು ತುಂಗಾ ಹೊಳೆಗೆ ಒಯ್ದು ಚೆನ್ನಾಗಿ ತೊಳೆಸಿದ್ದ. ಮೇಲೆ ಅಂಟಿಸಿದ್ದ ಸಂಖ್ಯೆಯ ಚೀಟಿಗಳು ಹೊಳೆ ಪಾಲಾಗಿದ್ದವು.

‘ಫಿಲ್ಮಿನ ತುದೀಲಿ ನಂಬರು ಇರೋದಿಲ್ವ?’ ಎಂದು ಆಪರೇಟರನ್ನು ಕೇಳಿದೆ.

‘ಊರೂರು ಸುತ್ತಿ ಆ ತುದಿ ಹರಿದುಹೋಗಿದೆ ಸ್ವಾಮಿ. ಹೆಸರು ಬರೋದು ಮೊದಲನೇದು, ಶುಭಂ ಬರೋದು ಕಡೇದು. ನಡುವಿಂದು ನಂಗೂ ಹೊಸದು. ಹೆಂಗೆ ಸಿಕ್ತೋ ಹಂಗೆ ಏರಿಸ್ದೆ.’

ರೀಲುಗಳು ಅದಲುಬದಲಾಗಿವೆ ಎಂದು ಮ್ಯಾನೇಜರಿಗೆ ಹೇಳಿದೆ. ಅವನು ಗಾಬರಿಯಾಗಲಿಲ್ಲ. ಅದನ್ನು ನಾನು ಇಂದಿಗೂ ಮರೆತಿಲ್ಲ.

‘ಯಾರಾದ್ರೂ ಕೇಳಿದ್ರಾ?’ ಎಂದ.

‘ಇಲ್ಲ.’

‘ಮತ್ತೆ? ತುಂಬಿದ ಟೆಂಟಿಗೆ ನಾನ್ಯಾಕೆ ಕೈ ಹಾಕ್ಲಿ? ಬೆಂಕಿ ಬೇಗ ಬಂದಿದ್ದು ಒಳ್ಳೇದೇ ಆಯ್ತು. ಜನ ಎದ್ದು ಹೋಗಲ್ಲ.’

ಪಕ್ಕದಲ್ಲಿ ಮಾಸ್ತರು ನಿಂತಿದ್ದರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ನಶ್ಯದ ಡಬ್ಬಿ ತೆಗೆದು, ಸೇದದೆ ಮುಚ್ಚಿದರು. ‘ಇಷ್ಟು ವರ್ಷ ಗಂಟಲು ಹರ್ಕೊಂಡು ಹೇಳ್ದೆನಲ್ಲ ಪೇಪರ್ನೋರೇ. ಯಾರಿಗೂ ಬೇಕಾಗಿರಲಿಲ್ಲ ಅಂತಾಯ್ತು’ ಎಂದರು.

ಕಚೇರಿಗೆ ಬಂದು ವರದಿ ಬರೆದೆ. ಯಾವ ರೀಲಿನ ನಂತರ ಯಾವುದು ಬಂತು, ಪ್ರತಿಯೊಂದರಲ್ಲಿ ಏನಾಯಿತು, ಅಷ್ಟೇ. ರಾಜ ಸತ್ತ. ರಾಜ ಊಟ ಮಾಡಿದ. ನಗರ ಉರಿಯಿತು. ನಗರದಲ್ಲಿ ಜೋಕಾಲಿ ಆಡಿದರು. ಆರು ಆನೆಗಳು ನಡೆದವು. ಪ್ರೇಕ್ಷಕರು ತೃಪ್ತರಾಗಿ ಮನೆಗೆ ಹೋದರು.

ಸಂಪಾದಕರು ಕೆಂಪು ಪೆನ್ಸಿಲು ಹಿಡಿದು ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ ಓದಿದರು. ಹೊಡೆಯಲು ಒಂದೂ ವಿಶೇಷಣ ಸಿಗಲಿಲ್ಲ.

‘ಇದು ಬೈಗುಳ ಮಾರಾಯ್ರೆ.’

‘ಯಾವ ಪದ ಸಾರ್?’

ಸ್ವಲ್ಪ ಹೊತ್ತು ಹುಡುಕಿ, ‘ಹಾಕಿ’ ಎಂದರು.

ಪತ್ರಿಕೆ ಬಂದ ಮರುದಿನ ಟೆಂಟಿನ ಮುಂದೆ ಹಿಂದೆಂದೂ ಇಲ್ಲದಷ್ಟು ಜನ. ರಾಜ ಸತ್ತು ಊಟಕ್ಕೆ ಬರುವುದನ್ನು ನೋಡಲು ಬಂದಿದ್ದರು. ಹರಿದ ಕಿವಿಯ ಆನೆ ಬಂದಾಗಲೆಲ್ಲ ನೆಲದವರು ಒಟ್ಟಾಗಿ ಎಣಿಸಿದರು. ಮ್ಯಾನೇಜರು ನನ್ನ ವರದಿಯನ್ನು ಕತ್ತರಿಸಿ, ಬಾಗಿಲ ಬಳಿಯ ಬೋರ್ಡಿಗೆ ಅಂಟಿಸಿದ್ದ. ನನ್ನನ್ನು ಕಂಡು ಕೈಮುಗಿದು, ‘ದೊಡ್ಡ ಉಪಕಾರ ಆಯ್ತು ಸ್ವಾಮಿ’ ಎಂದ. ಗೇಲಿ ಮಾಡುತ್ತಿದ್ದಾನೇನೋ ಎಂದು ಅವನ ಮುಖ ನೋಡಿದೆ. ಅಷ್ಟು ಬುದ್ಧಿ ಅಲ್ಲಿ ಕಾಣಲಿಲ್ಲ.

ಮುಂದಿನ ಕ್ಯಾಂಪು ಭದ್ರಾವತಿ. ಕಾರ್ಖಾನೆ ಬಡಾವಣೆಯ ನೀರಿನ ತೊಂದರೆಯ ಬಗ್ಗೆ ಬರೆಯಲು ಸಂಪಾದಕರು ನನ್ನನ್ನು ಅಲ್ಲಿಗೆ ಕಳಿಸಿದ್ದರು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಮಲವಗೊಪ್ಪ ದಾಟುವುದರೊಳಗೆ ನಿಂತಿತು. ಇಳಿದು ತಳ್ಳಿದೆವು. ಸಂಜೆ ಊರು ಸೇರಿದಾಗ ಟೆಂಟಿನ ದೀಪ ಉರಿಯುತ್ತಿತ್ತು. ಮಾಸ್ತರು ಬಾಗಿಲಲ್ಲೇ ಇದ್ದರು. ‘ಬನ್ನಿ, ನನ್ನ ತಿಥಿಗೆ ಸರಿಯಾಗಿ ಬಂದ್ರಿ’ ಎಂದರು.

ಶಿವಮೊಗ್ಗದಲ್ಲಿ ತಮಿಳು ತಿಳಿದವರು ಕಡಿಮೆ. ಭದ್ರಾವತಿಯ ಕಾರ್ಖಾನೆಯಲ್ಲಿ ಆ ಕಡೆಯವರೇ ಬಹಳ ಮಂದಿ. ಮ್ಯಾನೇಜರು ಇದನ್ನು ಲಾಭವೆಂದು ಲೆಕ್ಕ ಹಾಕಿದ್ದ. ಎರಡನೆಯ ರೀಲಿನಲ್ಲಿ ನಗರ ಉರಿಯಿತು. ಕುಲುಮೆಯ ಪಾಳಿ ಮುಗಿಸಿ ಬಂದಿದ್ದವರು ಆಕಳಿಸಿದರು. ಮೂರನೆಯದರಲ್ಲಿ ರಾಜ ಸತ್ತಾಗ ಹೆಂಗಸರ ಕಡೆ ಮೂಗೊರೆಸುವ ಸದ್ದು ಕೇಳಿತು. ನಾಲ್ಕನೆಯದರಲ್ಲಿ ರಾಜ ಊಟಕ್ಕೆ ಬಂದ, ರಾಣಿ ಏನೋ ಗದರಿಸಿದಳು. ನೆಲದಲ್ಲಿ ಕೂತಿದ್ದ ಒಬ್ಬ ಎದ್ದು ನಿಂತ.

‘ಏನಯ್ಯಾ ಇದು! ಬೇಟೆಗೆ ಹೋಗಿ ಯಾಕೆ ಲೇಟು ಅಂತ ಕೇಳ್ತಾಳೆ! ಈಗ ತಾನೇ ಹೆಣದ ಮೇಲೆ ಬಿದ್ದು ಅತ್ತಳಲ್ಲ?’

ಹೊಳೆಹೊನ್ನೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ರೈತರಿಗೆ ತಮಿಳು ಬಾರದು. ‘ಹಾಗಂತಾಳಾ? ಮತ್ತೇನಂತಾಳಂತೆ?’ ಎಂದು ಕೇಳಿದರು. ಪಕ್ಕದವರು ಹೇಳಿಕೊಟ್ಟರು. ಆಮೇಲೆ ಗಲಾಟೆಯಲ್ಲಿ ಚಿತ್ರದ ಸದ್ದು ಕೇಳಲಿಲ್ಲ. ಆನೆಗಳು ಬರುವ ಹೊತ್ತಿಗೆ ಅರ್ಧ ಜನ ಹೊರಗಿದ್ದರು. ರಥ ಹಾರುವುದನ್ನು ನೋಡಲು ಹೊಳೆಹೊನ್ನೂರಿನವರು ಮಾತ್ರ ಉಳಿದಿದ್ದರು. ಬಂದ ದಾರಿ ದೂರದ್ದು, ಬಿಟ್ಟುಹೋಗಲು ಮನಸ್ಸಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರು ನಾನು ಇಳಿದುಕೊಂಡಿದ್ದ ಹೋಟೆಲಿಗೆ ಬಂದ. ಕೋಟು ಇರಲಿಲ್ಲ. ರೀಲುಗಳನ್ನು ಸರಿಯಾಗಿ ಜೋಡಿಸಬೇಕು, ನೀವು ಚಿತ್ರವನ್ನು ಗಮನವಿಟ್ಟು ನೋಡಿದವರು, ಬನ್ನಿ ಎಂದ. ಹೋಗಬೇಕಾದ ಅಗತ್ಯ ನನಗಿರಲಿಲ್ಲ. ಚಿತ್ರ ಸರಿಯಾದ ಕ್ರಮದಲ್ಲಿ ಹೇಗಿದೆ ಎಂದು ತಿಳಿಯದೆ ಅದನ್ನು ಕೆಟ್ಟದ್ದೆನ್ನುವುದು ನ್ಯಾಯವಲ್ಲ ಎನ್ನಿಸಿ ಹೋದೆ.

ಆಪರೇಟರು, ಮಾಸ್ತರು, ನಾನು, ಮೂವರೂ ಟೆಂಟಿನ ಹೊರಗೆ ಚಾಪೆ ಹಾಕಿ ಕೂತೆವು. ಒಂದೊಂದೇ ರೀಲಿನ ಮೊದಲ ಮೊಳದಷ್ಟನ್ನೂ ಕೊನೆಯ ಮೊಳದಷ್ಟನ್ನೂ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆವು. ಒಂದರ ಕೊನೆಯಲ್ಲಿ ರಾಣಿ ಯಾವ ಸೀರೆಯಲ್ಲಿದ್ದಾಳೋ ಅದೇ ಸೀರೆಯಲ್ಲಿ ಇನ್ನೊಂದು ಶುರುವಾದರೆ ಅವೆರಡು ಜೋಡಿ. ಮಂತ್ರಿಯ ಗಡ್ಡ ಕೆಲವೆಡೆ ಉದ್ದ, ಕೆಲವೆಡೆ ಗಿಡ್ಡ. ಅದನ್ನು ನಂಬಿ ಒಂದು ಗಂಟೆ ಹಾಳಾಯಿತು. ಗಡ್ಡಕ್ಕೂ ಕಥೆಗೂ ಸಂಬಂಧವಿರಲಿಲ್ಲ, ಅಂಟಿಸಿದವನ ಮನಸ್ಸಿಗೆ ಬಂದ ಹಾಗಿತ್ತು. ಊಟದ ರೀಲನ್ನು ಎತ್ತಿದಾಗ ಆಪರೇಟರು, ‘ಹುಷಾರು, ಇದರ ಅಂಚಿನ ತೂತುಗಳು ಹರಿದಿವೆ. ಬಡಿಸೋ ಜಾಗದಲ್ಲಿ ಕುಣಿಯುತ್ತೆ’ ಎಂದರು. ಮಾಸ್ತರು ಅದನ್ನು ತೆಗೆದುಕೊಂಡು ಬಹಳ ಹೊತ್ತು ಬಿಸಿಲಿಗೆ ಹಿಡಿದು ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಕ್ರಮ ಸಿಕ್ಕಿತು. ಪಟ್ಟಾಭಿಷೇಕ, ತೋಟ, ಜೋಕಾಲಿ, ಹಾಡು, ಮತ್ತೆ ಹಾಡು, ಊಟ, ಆನೆ, ಬೆಂಕಿ, ಪ್ರವಾಹ, ಕೊನೆಗೆ ರಾಣಿ ರಥವೇರಿ ಸ್ವರ್ಗಕ್ಕೆ. ಸಂಜೆ ಹಾಗೇ ಓಡಿಸಿದರು.

ಅದು ಮೊದಲಿಗಿಂತ ಕೆಟ್ಟದಾಗಿತ್ತು. ರಾಜ ಉಂಡ, ಹಾಡಿದ, ಜೋಕಾಲಿ ತೂಗಿದ. ಆನೆಗಳು ಯಾರ ಮೇಲೂ ಬರಲಿಲ್ಲ, ಸುಮ್ಮನೆ ಬಂದವು. ನಗರ ಯಾರೂ ಹಚ್ಚದೆ ಉರಿಯಿತು. ಮಳೆಯಿಲ್ಲದೆ ಪ್ರವಾಹ ಬಂತು. ಅಷ್ಟು ಹೊತ್ತೂ ಆ ರಾಜ ಒಂದು ನಿರ್ಧಾರವನ್ನೂ ಮಾಡಲಿಲ್ಲ. ಅವನು ಮುಳುಗಿದಾಗ ಯಾರೂ ಮೂಗೊರೆಸಲಿಲ್ಲ. ತಪ್ಪು ಕ್ರಮದಲ್ಲಿದ್ದಾಗ ಕೂಗಾಡುವಷ್ಟಾದರೂ ಜನರಿಗೆ ಆಸಕ್ತಿಯಿತ್ತು. ಈಗ ಒಬ್ಬೊಬ್ಬರಾಗಿ ಎದ್ದು ಹೋದರು. ಕಾಸು ಸುರಿದು ಕಟ್ಟಿದ ನಗರವನ್ನು ಸುಟ್ಟವರಿಗೆ, ಅದರೊಳಗೆ ಒಬ್ಬ ಮನುಷ್ಯನನ್ನು ಕೂರಿಸಬೇಕು ಎಂದು ಹೊಳೆದಿರಲಿಲ್ಲ. ರೀಲುಗಳ ಕ್ರಮವನ್ನು ದೂರುವ ಅವಕಾಶವೂ ನನಗೆ ಉಳಿಯಲಿಲ್ಲ.

ಮ್ಯಾನೇಜರು ಮಾಸ್ತರ ಹತ್ತಿರ ಹೋದ. ‘ನಾಳೆ ಸ್ಟೂಲು ಹತ್ತಿ ಮಾಸ್ತರೇ. ಏನಾದ್ರೂ ಹೇಳಿ.’

‘ಈ ಕ್ರಮದಲ್ಲಿ ಹೇಳಕ್ಕೇನಿದೆ? ತಿಂದ, ತೂಗಿದ, ಸತ್ತ. ಶಿವಮೊಗ್ಗದಲ್ಲಿ ಹೆಂಗಿತ್ತೋ ಹಂಗೇ ಹಾಕ್ಸಿ. ಸತ್ತೋನು ಊಟಕ್ಕೆ ಬಂದ್ರೆ ಅದು ಕಥೆ.’

‘ಆ ಕ್ರಮ ಈಗ ಯಾರಿಗೆ ನೆನಪಿದೆ?’

ಮಾಸ್ತರು ಬಾಗಿಲ ಬೋರ್ಡನ್ನು ತೋರಿಸಿದರು. ಆಪರೇಟರು ಶಿವಮೊಗ್ಗದಲ್ಲಿ ಅದಕ್ಕೆ ಅಂಟಿಸಿದ್ದ ನನ್ನ ವರದಿಯ ಮುಂದೆ ನಿಂತು, ಬೆರಳಿಟ್ಟು ಓದಿ, ಡಬ್ಬಿಗಳನ್ನು ಜೋಡಿಸಿದರು. ಆ ಚಿತ್ರವನ್ನು ಹೀನಾಯ ಮಾಡಲೆಂದು ನಾನು ಬರೆದದ್ದು ಅದನ್ನು ಓಡಿಸಲು ಉಪಯೋಗಕ್ಕೆ ಬಂತು.

ಮರುದಿನ ಸಂಜೆ ಬಂದಿದ್ದವರು ಕಡಿಮೆ. ನೀರಿನ ವರದಿ ಮುಗಿದಿತ್ತು, ಬಸ್ಸಿಗೆ ಹೋಗಬಹುದಿತ್ತು, ಹೋಗಲಿಲ್ಲ. ರಾಜ ಮುಳುಗಿದ ಮೇಲೆ ದೀಪ ಹತ್ತಿತು. ಮಾಸ್ತರು ಸ್ಟೂಲು ಹತ್ತಿದರು. ತುತ್ತೂರಿ ಎತ್ತಲಿಲ್ಲ.

‘ರಾಜ ಸತ್ತ. ನೀವೇ ನೋಡಿದ್ರಿ. ಆದರೆ ರಾಜನಿಲ್ಲ ಅಂತ ಗಡಿಯಾಚೆ ಗೊತ್ತಾದ್ರೆ ವೈರಿಯ ಆನೆಗಳು ಹೊರಡ್ತವೆ. ಸುಟ್ಟ ಊರಿನ ಜನ ಈಗ ತಾನೇ ರಾಣಿಯ ತವರಿನ ಕೋಟೆ ಸೇರಿದ್ದಾರೆ, ಮಕ್ಕಳುಮರಿ ಜೊತೆ. ಆ ಸಂಜೆ ಒಬ್ಬ ಬಂದ. ಅದೇ ಮುಖ, ಅದೇ ಮೀಸೆ. ರಾಜನ ಜೊತೆ ಹುಟ್ಟಿ, ಕಾಡಲ್ಲಿ ಬೆಳೆದ ತಮ್ಮ. ರಾಣಿ ಅವನನ್ನ ಊಟಕ್ಕೆ ಕರೆದಳು. ಗಂಡ ಅಂತಲೇ ಕರೆದಳು.’

ನೆಲದಿಂದ ಒಬ್ಬ ಕಾರ್ಮಿಕ ಕೂಗಿದ: ‘ಅಣ್ಣಾ, ಸುಳ್ಳು ಹೇಳ್ಬೇಡ! ಬೇಟೆಯಿಂದ ಯಾಕೆ ಲೇಟು ಅಂತ ಬೈತಾಳೆ, ನಮಗೆ ಭಾಷೆ ಗೊತ್ತು!’

‘ಬೈಲೇಬೇಕಲ್ಲಪ್ಪಾ. ಬಾಗಿಲ ಹಿಂದೆ ಮಂತ್ರಿಯ ಗೂಢಚಾರ ನಿಂತಿದ್ದಾನೆ. ಗಂಡ ತಡವಾಗಿ ಬಂದ್ರೆ ನಿನ್ನ ಹೆಂಡ್ತಿ ಆರತಿ ಎತ್ತುತ್ತಾಳಾ?’

ಟೆಂಟು ನಕ್ಕಿತು. ಬಟ್ಟೆಯ ಮರೆಯ ಆಚೆಯಿಂದ ಒಬ್ಬ ಹೆಂಗಸು ಕೇಳಿದಳು, ಮೆಲ್ಲಗೆ: ‘ಅವನು ಗಂಡ ಅಲ್ಲ ಅಂತ ಅವಳಿಗೆ ಗೊತ್ತಾ?’

‘ಗೊತ್ತು ತಾಯಿ. ಬಾಯಿ ಬೈತದೆ. ನೀವು ಅವಳ ಕೈ ನೋಡಿ.’

ದೀಪ ಆರಿತು. ರಾಜ ಊಟಕ್ಕೆ ಕೂತ. ರಾಣಿ ಗದರಿಸಿ, ಬಗ್ಗಿ, ಅನ್ನ ಬಡಿಸಿದಳು. ಅವಳ ಕೈ ನಡುಗಿತು. ಅಂಚಿನ ತೂತು ಹರಿದ ಫಿಲ್ಮು ಯಂತ್ರದ ಹಲ್ಲಿಗೆ ಸಿಗದೆ ಕುಣಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಕೈ ಮಾತ್ರವಲ್ಲ, ತಟ್ಟೆ, ಕಂಬ, ಗೋಡೆ ಎಲ್ಲವೂ ಕುಣಿದವು. ಆದರೂ ನಾನು ಕೈಯನ್ನೇ ನೋಡಿದೆ. ಇಡೀ ಟೆಂಟಿನಲ್ಲಿ ಯಾರೂ ಕಡಲೆಕಾಯಿ ಸುಲಿಯುತ್ತಿರಲಿಲ್ಲ.

ಆಮೇಲೆ ಆನೆಗಳು ಬಂದವು. ಅವೇ ಆರು, ಅದೇ ಬಂಡೆ, ಅದೇ ಹರಿದ ಕಿವಿ. ಯಾರೂ ಎಣಿಸಲಿಲ್ಲ. ಈಗ ಅವು ಆ ರಾಣಿಯ ಮನೆಯ ಮೇಲೆ ಬರುತ್ತಿದ್ದವು. ಮರೆಯ ಆಚೆ ಯಾರೋ ‘ಅಯ್ಯೋ’ ಎಂದರು.

ರಥದ ರೀಲಿಗೆ ಮುಂಚೆ ಮಾಸ್ತರು ಒಂದೇ ಮಾತು ಹೇಳಿದರು: ‘ಮೇಲೆ ನಿಜವಾದ ಗಂಡ ಕಾಯ್ತಿದ್ದಾನೆ. ಇನ್ನು ಅವಳು ಸುಳ್ಳು ಹೇಳಬೇಕಾಗಿಲ್ಲ.’ ರಥ ಹಾರಿತು. ತಂತಿ ಕಂಡಿತು. ಯಾರೂ ನಗಲಿಲ್ಲ.

ಮರುದಿನದಿಂದ ಕ್ಯಾಂಪು ಮುಗಿಯುವತನಕ ಟೆಂಟು ತುಂಬಿತು. ಹೊಳೆಹೊನ್ನೂರಿನವರು ಈ ಸಲ ಹೆಂಗಸರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಂದರು. ಮ್ಯಾನೇಜರು ಕೋಟು ಮತ್ತೆ ಹಾಕಿಕೊಂಡ. ‘ನೋಡಿದ್ರಾ ಸ್ವಾಮಿ? ಸ್ವಲ್ಪ ನಿಧಾನ ಆಯ್ತು, ಆದ್ರೂ ಆನೆ ಅಂದ್ರೆ ಆನೆ’ ಎಂದ. ಅವನಿಗೆ ಅರ್ಥವಾಗದಿದ್ದರೂ, ಲಾರಿಗೆ ಸಾಮಾನು ಹೇರಿಸುವಾಗ ಸ್ಟೂಲನ್ನು ಯಂತ್ರದ ಪಕ್ಕದಲ್ಲೇ ಭದ್ರವಾಗಿ ಕಟ್ಟಿಸಿದ. ಮಾಸ್ತರು ಹಾಸಿಗೆ ಸುತ್ತಿಕೊಂಡು ಲಾರಿ ಹತ್ತಿದರು. ಮೇಲಿನಿಂದ ಅವನಿಗೆ ಕೇಳುವಂತೆ ಹೇಳಿದರು: ‘ಮುಂದಿನ ಚಿತ್ರದ ಡಬ್ಬೀನೂ ಚೆನ್ನಾಗಿ ತೊಳೆಸಿ.’

ಭದ್ರಾವತಿಯ ಪ್ರದರ್ಶನದ ಬಗ್ಗೆ ನಾನು ಕೆಲವೇ ಸಾಲು ಬರೆದೆ. ಕೊನೆಯ ಎರಡು ವಾಕ್ಯ ಹೀಗಿದ್ದವು: ‘ಬಡಿಸುವಾಗ ರಾಣಿಯ ಕೈ ನಡುಗುತ್ತದೆ. ಫಿಲ್ಮಿನ ಅಂಚಿನ ತೂತುಗಳು ಹರಿದಿವೆ.’

ಸಂಪಾದಕರು ಓದಿದರು. ಪೆನ್ಸಿಲು ಎರಡನೆಯ ವಾಕ್ಯದ ಮೇಲೆ ನಿಂತಿತು.

‘ಇದರಲ್ಲಿ ವಿಶೇಷಣ ಇಲ್ಲ. ಹೊಡಿಯೋಕಾಗಲ್ಲ. ಆದ್ರೆ ಇದು ಬೇಕಾ ಮಾರಾಯ್ರೆ?’

ಎರಡೂ ನಿಜವಾಗಿದ್ದವು. ನಾನು ಪೆನ್ಸಿಲು ಈಸಿಕೊಂಡು ಎರಡನೆಯದನ್ನು ಹೊಡೆದು ಹಾಕಿದೆ.